ದೂರದವರಿಗೆ ಹೇಳುವ ಮಾತು

ಯೆರವಡಾ, ಪುಣೆ
೧೯ ಫೆಬ್ರುವರಿ ೨೦೦೫, ಶನಿವಾರ

ಅನುಸೂಯಕ್ಕನಿಗೆ ಭಾಗ್ಯಾಳ ನಮಸ್ಕಾರ.

ಇದರ ಮುಂದೆ ಬರೆಯಬೇಕಾದ ಸಾಲು ನಿನಗೂ ಗೊತ್ತು. ಇತ್ತ ನಾವೆಲ್ಲ ಆರಾಮ ಇದ್ದೇವೆ, ಅತ್ತ ನಿಮ್ಮ ಆರಾಮಕ್ಕೆ ಪತ್ರ ಬರೆಯಿರಿ. ನನಗೆ ಕನ್ನಡ ಅಕ್ಷರ ಕಲಿಸಿದವಳು ನೀನು, ಪತ್ರದಲ್ಲಿ ಮೊದಲು ಬರೆಸಿದ್ದೂ ಅದೇ ಸಾಲು. ಇವತ್ತು ಅದನ್ನು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ.

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಅವ್ವ ದುಡಿಯುವ ಸೈಟಿನ ಮುಕಾದಮ ಹರಿಶ್ಚಂದ್ರಣ್ಣ ಕೂಲಿಯವರನ್ನು ಕರೆತರಲು ನಾಳೆ ಸುರಪುರದ ಕಡೆ ಹೊರಟಿದ್ದಾನೆ. ನಿಮ್ಮೂರು ಕರಿಬಂಡಿಯ ದವಾಖಾನೆಗೆ ಹೋಗಿ ನರ್ಸಬಾಯಿ ಗೋದಾ ಅವರ ಕೈಗೆ ಕೊಡುತ್ತಾನೆ, ಅವರು ನಿನ್ನ ಕೈಗೆ ಕೊಡುತ್ತಾರೆ. ಮನೆಗೆ ಕಳಿಸಿದ್ದರೆ ನಿನ್ನ ಗಂಡ, ನಮ್ಮ ಅಂಬಾರಾಯ ಮಾವ, ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಕೇಳುವಂತೆ ಓದುತ್ತಿದ್ದ. ಅವನದು ತಪ್ಪಲ್ಲ, ಪತ್ರ ಅಂದರೆ ಮನೆಮಂದಿಯದು ಅಂತ ಅವನ ತಿಳಿವಳಿಕೆ. ಆದರೆ ಇದು ನಿನ್ನೊಬ್ಬಳದು. ದವಾಖಾನೆಯಲ್ಲೇ ಕೂತು ಓದು. ನಡುವೆ ದಮ್ಮು ಹತ್ತಿದರೆ ನಿಲ್ಲಿಸು, ಸುಧಾರಿಸಿಕೊಂಡು ಮುಂದೆ ಓದು. ಅಲ್ಲಿ ನಿನ್ನನ್ನು ಯಾರೂ ನೋಡುವುದಿಲ್ಲ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಬರುವ ಗುರುವಾರ ನಿನ್ನನ್ನು ಮತ್ತೆ ಕ್ಯಾಮೆರಾದ ಮುಂದೆ ಕೂಡಿಸುತ್ತಾರೆ. ಡಾಕ್ಟರ್ ಮಾರ್ತಾಂಡ ಕೇಳಿದ್ದಕ್ಕೆ ನಿಜ ಹೇಳು. ಅಷ್ಟೇ ಅಕ್ಕ. ನೀನು ನಿಜ ಹೇಳಿದರೆ ನಿನಗೊಂದು ಹಾಸಿಗೆ ಇಲ್ಲಿ ಕಾದಿದೆ. ಹೇಳದಿದ್ದರೆ ಆ ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ಆಮೇಲೆ ಏನಾಗುತ್ತದೆ ಅನ್ನುವುದನ್ನು ಮುಂದೆ ಬರೆಯುತ್ತೇನೆ. ಈಗಲೇ ಬರೆಯಲು ಕೈ ಬರುತ್ತಿಲ್ಲ.

ಪರದೆಯ ಆ ಕಡೆಯದು ನಿನಗೆ ಗೊತ್ತು, ಈ ಕಡೆಯದು ಗೊತ್ತಿಲ್ಲ. ‘ನಮ್ಮ ತಂಗಿ ಪುಣೆದಾಗ ಟೀವಿ ಡಾಕ್ಟರ’ ಅಂತ ನೀನು ನಿಮ್ಮ ಓಣಿಯಲ್ಲಿ ಹೇಳಿಕೊಂಡಿದ್ದೀಯಂತೆ, ಗೋದಾಬಾಯಿ ನಕ್ಕೋತ ಹೇಳಿದರು. ಅದು ಸುಳ್ಳು. ನಾನು ಮಾತು ದಾಟಿಸುವವಳು. ಕಾತ್ರಜದ ಕಡೆ ಒಂದು ಟ್ರಸ್ಟಿನ ಆಸ್ಪತ್ರೆ, ಅದರ ಮೇಲಿನ ಮಾಳಿಗೆಯಲ್ಲಿ ಒಂದು ಕೋಣೆ. ಕೋಣೆಗೆ ಏಸಿ ಇದೆ, ಅದು ಯಂತ್ರಗಳಿಗೆ ಹಾಕಿಸಿದ್ದು, ನಮಗಲ್ಲ. ಡಾಕ್ಟರರು ಮರಾಠಿಯಲ್ಲಿ ಕೇಳುತ್ತಾರೆ, ನಾನು ನಮ್ಮ ಮಾತಿನಲ್ಲಿ ಕೇಳುತ್ತೇನೆ. ಊರಿನವರು ಹೇಳಿದ್ದನ್ನು ಮರಾಠಿ ಮಾಡಿ ಅವರಿಗೆ ಕೊಡುತ್ತೇನೆ. ಕೋಣೆಯನ್ನು ನಡೆಸುವವರು ಧಾರವಾಡದ ಇಂದೂ ಮೇಡಂ. ಎರಡು ವರ್ಷದ ಹಿಂದೆ ಓಣಿಯ ಮುದುಕನೊಬ್ಬನನ್ನು ತೋರಿಸಲು ಹೋದಾಗ ನಾನು ವರಾಂಡಾದಲ್ಲಿ ಎರಡು ಭಾಷೆಯಲ್ಲಿ ಜಗಳಾಡುವುದನ್ನು ಕೇಳಿ ಅವರೇ ಒಳಗೆ ಕರೆದರು.

ಶಾಲೆ ಯಾಕೆ ಬಿಟ್ಟೆ ಅಂತ ಅವರು ಕೇಳಿದಾಗ ಇದ್ದದ್ದು ಹೇಳಿದೆ. ಒಂಬತ್ತನೆಯದರಲ್ಲಿ ಮರಾಠಿ ಕಲಿಸುವ ಬಾಯಿಯವರು ‘ನನ್ನ ಮನೆ’ ಅಂತ ನಿಬಂಧ ಬರೆಯಲು ಹೇಳಿದ್ದರು. ತಗಡಿನ ಮನೆ, ಮಳೆ ಬಂದರೆ ಮಾತು ಕೇಳಿಸುವುದಿಲ್ಲ ಅಂತ ಬರೆದೆ. ಬಾಯಿಯವರು ಅದನ್ನು ಹೊಡೆದು ಹಾಕಿ, ಅಂಗಳ, ತುಳಸಿ, ಹೂವಿನ ಗಿಡ ಅಂತ ಚಂದ ಬರಿ, ಅಂಕ ಬರುತ್ತದೆ ಅಂದರು. ನಾನು ಪಾಟಿಚೀಲ ತೆಗೆದುಕೊಂಡು ಎದ್ದು ಬಂದೆ, ಮತ್ತೆ ಹೋಗಲಿಲ್ಲ. ಆಮೇಲೆ ಬೇಕರಿ, ಪುಸ್ತಕ ಹೊಲಿಯುವ ಅಂಗಡಿ, ಸೀರೆಗೆ ಫಾಲ್ ಹಚ್ಚುವುದು. ಎಲ್ಲೂ ಕಾಲು ನಿಲ್ಲಲಿಲ್ಲ. ಇಂದೂ ಮೇಡಂ ಎಲ್ಲ ಕೇಳಿ, ‘ಇಂಥಾಕಿನ ಬೇಕಾಗಿತ್ತ ನಮಗ’ ಅಂದರು. ಕೆಲಸಕ್ಕೆ ಒಂದೇ ನಿಯಮ ಹಾಕಿದರು. ಅಲ್ಲಿಂದ ಬಂದ ಮಾತನ್ನು ಬಂದ ಹಾಗೇ ದಾಟಿಸಬೇಕು, ಒಂದು ಕೂಡಿಸಬಾರದು, ಒಂದು ಬಿಡಬಾರದು. ನನಗೆ ಅದಕ್ಕಿಂತ ಸಸಾರದ ಕೆಲಸ ಲೋಕದಲ್ಲಿ ಇಲ್ಲ ಅನಿಸಿತ್ತು.

ಜೋರು ಮಳೆ ಹಿಡಿದು ಮೇಲಿನ ದೊಡ್ಡ ಡಿಶ್‌ಗೆ ಸಿಗ್ನಲ್ ಸಿಗದಿದ್ದಾಗ ಡಾಕ್ಟರ್ ಮಾರ್ತಾಂಡ ಹಳೆಯ ಕಥೆ ತೆಗೆಯುತ್ತಾರೆ. ಅವರು ಎದೆಯ ಡಾಕ್ಟರು. ಈ ಹುಚ್ಚು ಅವರಿಗೆ ಹತ್ತು ಹನ್ನೆರಡು ವರ್ಷದ್ದು. ಆಗ ಡಿಶ್ ಎಲ್ಲಿಯದು, ಹಳ್ಳಿಯ ದವಾಖಾನೆಯಲ್ಲಿ ಟೆಲಿಫೋನಿನ ರಿಸೀವರನ್ನು ಒಂದು ಪೆಟ್ಟಿಗೆಯ ಮೇಲೆ ಮಲಗಿಸಿದರೆ ರೋಗಿಯ ಎದೆಬಡಿತ ಸದ್ದಾಗಿ ಬಂದು ಇಲ್ಲಿ ಕಾಗದದ ಮೇಲೆ ಗೀಟು ಬೀಳುತ್ತಿತ್ತಂತೆ. ಒಮ್ಮೆ ಆ ಗೀಟು ನೋಡಿ ಗಾಬರಿಯಾಗಿ ಔಷಧ ಹೇಳಲು ಹೊರಟಿದ್ದಾರೆ, ಅಷ್ಟರಲ್ಲಿ ಲೈನು ಕಡಿದಿದೆ. ಮರುದಿನ ತಿಳಿದದ್ದು, ಅವರು ನೋಡಿದ್ದು ರೋಗಿಯ ಎದೆಯಲ್ಲ, ತಂತಿಯ ಗುರುಗುರು. ಟೆಲಿಫೋನ್ ಕಂಬಕ್ಕೆ ಔಷಧ ಕೊಡುವವನಿದ್ದೆ ಅಂತ ನಗುತ್ತಾರೆ. ಆಮೇಲೆ ಫ್ಯಾಕ್ಸ್ ಬಂತು, ಎದೆಯ ಪಟ್ಟಿ, ಅಂದರೆ ಆ ಗೀಟಿನ ಕಾಗದ, ಇದ್ದಲಿಯಂತೆ ಕರ್ರಗೆ ಬರುತ್ತಿತ್ತು. ಈಗ ಚಿತ್ರ ಬರುತ್ತದೆ, ಮಾತು ಬರುತ್ತದೆ. ಆದರೂ ಯಂತ್ರ ಕೆಟ್ಟು ನಿಂತದ್ದು ಕಡಿಮೆ, ಮನುಷ್ಯರಿಂದ ನಿಂತದ್ದೇ ಹೆಚ್ಚು ಅಂತ ಅವರ ದುಃಖ. ಯಂತ್ರ ಕಲಿತ ನರ್ಸಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಕೋಣೆಯ ಕೀಲಿಕೈ ಇಟ್ಟುಕೊಂಡವನು ರಜೆಗೆ ಹೋಗುತ್ತಾನೆ. ಕೆಳಗಿನ ದೊಡ್ಡ ಡಾಕ್ಟರರಿಗೆ ತಮ್ಮ ಬಾಗಿಲ ಮುಂದಿನ ಪಾಳಿ ಬಿಟ್ಟು ಮೇಲೆ ಹತ್ತಿ ಬರಲು ಮನಸ್ಸಿಲ್ಲ. ಇನ್ನು ನಿಮ್ಮೂರ ಸೂಜಿ ಡಾಕ್ಟರ, ಟೀವ್ಯಾಗಿನ ಡಾಕ್ಟರ ಕೈ ಹಿಡದು ನಾಡಿ ನೋಡ್ತಾನೇನು ಅಂತ ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಾನೆ. ನಿನ್ನ ಅತ್ತೆ ರಂಗೂಬಾಯಿ ಮೊದಲ ಸಲ ಬಂದಾಗ, ಸೂಜಿ ಎಲ್ಲಿಂದ ಚುಚ್ಚತಾರವಾ, ಆ ಪೆಟಿಗ್ಯಾಗಿಂದೇನು ಅಂತ ಕೇಳಿದ್ದಳಲ್ಲ. ಅದನ್ನೂ ಹಾಗೇ ದಾಟಿಸಿದ್ದೆ. ಡಾಕ್ಟರರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದರು.

ಇವೆಲ್ಲ ಅವರು ಕಂಡ ಅಡ್ಡಿಗಳು. ನಾನು ಕಂಡದ್ದು ಬೇರೆ, ಅದು ನಮ್ಮದು. ನಮ್ಮ ಮಂದಿ ಆ ಪರದೆಯ ಮುಂದೆ ಕೂತು ಹೇಗಿದ್ದೀರಿ ಅಂತ ಕೇಳಿಸಿಕೊಂಡರೆ, ‘ಆರಾಮ ಅದೀವ್ರಿ’ ಅನ್ನುತ್ತಾರೆ. ಕಾಲು ಕೊಳೆಯುತ್ತಿದ್ದರೂ ಅದೇ, ಮೂರು ವಾರದ ಜ್ವರ ಇದ್ದರೂ ಅದೇ. ಕ್ಯಾಮೆರಾ ಆರಿಸಿದ ಮೇಲೆ ಗೋದಾಬಾಯಿಯ ಸೆರಗು ಹಿಡಿದು ಎಲ್ಲ ಹೇಳುತ್ತಾರೆ. ಡಾಕ್ಟರರಿಗೆ ಇದು ಬಗೆಹರಿಯದ ಒಗಟಾಗಿತ್ತು. ಇಷ್ಟು ದೂರ ನಡೆದು ಬಂದು, ಪಾಳಿ ಹಚ್ಚಿ ಕೂತು, ಕೊನೆಗೆ ಏನೂ ಇಲ್ಲ ಅನ್ನುವುದೇಕೆ? ಅವರಿಗೆ ನಾನು ಹೇಳಬೇಕಾಯಿತು. ದೂರದಲ್ಲಿ ಇರುವವರಿಗೆ ನಾವು ಕೆಟ್ಟದ್ದು ಹೇಳುವುದಿಲ್ಲ. ಓಡಿ ಬರಲು ಆಗದವರು ಅಲ್ಲೇ ಕೂತು ಸಂಕಟಪಡುತ್ತಾರೆ, ಅವರಿಗೆ ಯಾಕೆ ಆ ಶಿಕ್ಷೆ? ಪುಣೆಗೋ ಮುಂಬಯಿಗೋ ದುಡಿಯಲು ಹೋದವರಿಗೆ ಫೋನಿನಲ್ಲಿ ಹೇಳುವುದು ಅದೊಂದೇ ಮಾತು. ಪರದೆಯಲ್ಲಿ ಕಾಣುವ ಡಾಕ್ಟರನೂ ದೂರದವನೇ, ಅವನಿಗೂ ಅದೇ ಮಾತು. ಅಂದಿನಿಂದ ನಮ್ಮ ಕೋಣೆಯಲ್ಲಿ ಹೇಗಿದ್ದೀರಿ ಅಂತ ಕೇಳುವುದು ನಿಂತಿತು. ನೇರ, ಎಷ್ಟು ಸಲ ಎದ್ದಿರಿ, ಏನು ತಿಂದಿರಿ, ಎಲ್ಲಿ ಕೂತಿರಿ ಅಂತ ಕೇಳಿದರೆ ಉತ್ತರ ಬರುತ್ತಿತ್ತು.

ನಿನ್ನ ಪಾಳಿ ಬಂದ ದಿನ ಮಾತ್ರ ಡಾಕ್ಟರರು ಅದನ್ನು ಮರೆತರು. ಸಂಕ್ರಾಂತಿ ಆಗಿ ಒಂದು ವಾರವಾಗಿತ್ತು. ಬಸುರಿಯರ ತಪಾಸಣೆಯಲ್ಲಿ ಗೋದಾಬಾಯಿಗೆ ನಿನ್ನ ಎದೆಯಲ್ಲಿ ಏನೋ ಬೇರೆ ಸದ್ದು ಕೇಳಿ ನಿನ್ನನ್ನು ಕೂಡಿಸಿದ್ದರು. ನೀನು ನನ್ನ ಅಕ್ಕ ಅಂತ ತಿಳಿದು ಡಾಕ್ಟರರು ಪ್ರೀತಿಯಿಂದ, ಹೇಗಿದ್ದೀಯಮ್ಮ ಅಂತ ಕೇಳಿಬಿಟ್ಟರು. ಅದೊಂದು ಮಾತು ಬಾಗಿಲು ಹಾಕಿದ ಹಾಗಾಯಿತು. ನೀನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಆರಾಮ ಅದೀನ್ರಿ ಅಂದೆ. ಆಮೇಲೆ ಕೇಳಿದ್ದಕ್ಕೆಲ್ಲ ಇಲ್ರಿ, ಇಲ್ರಿ. ಮಲಗಿದರೆ ದಮ್ಮು? ಇಲ್ರಿ. ಕಾಲು ಬಾವು? ಇಲ್ರಿ. ಸಣ್ಣವಳಿದ್ದಾಗ ಕೀಲು ನೋವಿನ ಜ್ವರ ಬಂದಿತ್ತೇ? ಇಲ್ರಿ. ನಿನ್ನ ಎಡಕ್ಕೆ ಅತ್ತೆ, ಬಲಕ್ಕೆ ಅಂಬಾರಾಯ ಮಾವ, ಕಿಟಕಿಯ ತುಂಬ ಟೀವಿ ಡಾಕ್ಟರನನ್ನು ನೋಡಲು ಬಂದ ಊರ ಮುಖಗಳು. ನಾನು ಬಂದದ್ದನ್ನು ಬಂದ ಹಾಗೇ ದಾಟಿಸಿದೆ. ಬಸುರಿಗೆ ಸ್ವಲ್ಪ ಏದುಸಿರು ಸಹಜ, ತಿಂಗಳು ಬಿಟ್ಟು ನೋಡೋಣ ಅಂತ ಬರೆದರು.

ಕೀಲು ನೋವಿನ ಜ್ವರ ಬಂದಿರಲಿಲ್ಲ ಅಂದೆಯಲ್ಲ, ಅದು ಸುಳ್ಳು ಅಂತ ನನಗೆ ಆ ಕ್ಷಣವೇ ಗೊತ್ತಿತ್ತು. ಭೋಸರಿಯಲ್ಲಿ ಅಪ್ಪ ಎರಕದ ಕಾರ್ಖಾನೆಯಲ್ಲಿದ್ದಾಗ ನಿನ್ನ ಮೊಣಕಾಲು ಬೆಲ್ಲದಚ್ಚಿನಂತೆ ಬಾತಿದ್ದವು, ಇವತ್ತು ಈ ಕೀಲು, ನಾಳೆ ಆ ಕೀಲು. ಶೌಚಕ್ಕೂ ಅಪ್ಪ ನಿನ್ನನ್ನು ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದ. ನನಗೂ ಬೆನ್ನು ಬೇಕು ಅಂತ ನಾನು ಅಳುತ್ತಿದ್ದೆ. ಅದಾದ ಮೇಲೆಯೇ ಇಲ್ಲಿಯ ಹೊಗೆ ಬೇಡ ಅಂತ ನಿನ್ನನ್ನು ಊರಿಗೆ ಅಜ್ಜಿಯ ಹತ್ತಿರ ಕಳಿಸಿದ್ದು. ಆ ಜ್ವರ ಹೋಗುವಾಗ ಕೆಲವರ ಎದೆಯೊಳಗಿನ ಒಂದು ಬಾಗಿಲನ್ನು ಕೆಡಿಸಿ ಹೋಗುತ್ತದೆ ಅಂತ ಡಾಕ್ಟರರು ಬೇರೆ ರೋಗಿಗಳಿಗೆ ಹೇಳುವುದನ್ನು ನಾನು ಎಷ್ಟೋ ಸಲ ದಾಟಿಸಿದ್ದೇನೆ. ಆದರೂ ಅವತ್ತು ಬಾಯಿ ಮುಚ್ಚಿಕೊಂಡೆ. ನಿಯಮ ನಿಯಮವೇ. ನನ್ನ ಅಕ್ಕ ಅಂತ ಬೇರೆ ನಿಯಮ ಇಲ್ಲ ಅಂದುಕೊಂಡೆ.

ಆಮೇಲೆ ಲೈನು ಹಿಡಿದುಕೊಂಡಿತು. ಇದು ನಿನಗೆ ಗೊತ್ತಿಲ್ಲ. ಎಷ್ಟೋ ಸಲ ಮಾತು ಮುಗಿಯುವ ಹೊತ್ತಿಗೆ ಲೈನು ತುಂಬಿ ಚಿತ್ರ ಇದ್ದಲ್ಲೇ ನಿಂತುಬಿಡುತ್ತದೆ. ಡಾಕ್ಟರರು ಕೆಳಗೆ ಹೋದರು, ಇಂದೂ ಮೇಡಂ ಫೋನಿಗೆ ಹೋದರು, ನಾನು ಪರದೆಯ ಮುಂದೆ ಒಬ್ಬಳೇ. ನಿಂತ ಚಿತ್ರದಲ್ಲಿ ನೀನಿದ್ದೆ. ಎಲ್ಲ ಮುಗಿಯಿತು ಅಂತ ನೀನು ಮೈ ಬಿಟ್ಟ ಗಳಿಗೆ ಅದು. ಎರಡೂ ಕೈ ಬೆಂಚಿನ ಅಂಚಿಗೆ ಊರಿದ್ದೆ. ಹೆಗಲು ಕಿವಿಯ ತನಕ ಎದ್ದಿದ್ದವು. ಬಾಯಿ ತೆರೆದಿತ್ತು. ಸೆರಗು ಜಾರಿತ್ತು.

ಆ ಕೂಡುವಿಕೆ ನನಗೆ ಗೊತ್ತು ಅಕ್ಕ. ಅದು ಅಪ್ಪನದು.

ಭೋಸರಿಯ ನಾಕಾದಲ್ಲಿ ಎಸ್‌ಟಿಡಿ ಬೂತ್ ಇತ್ತು, ಭಾನುವಾರ ಊರಿಗೆ ಫೋನು. ಗೌಡರ ಮನೆಯ ಫೋನಿಗೆ ಅಜ್ಜಿ ಮತ್ತು ನೀನು ಬಂದು ಕಾಯುತ್ತಿದ್ದಿರಿ. ಕೊನೆಯ ವರ್ಷ ಅಪ್ಪನಿಗೆ ಬೂತಿನ ಎರಡು ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತಿತ್ತು. ಅವನು ಒಳಗೆ ಹೋಗಿ ಸ್ಟೂಲಿನ ಅಂಚಿಗೆ ಎರಡೂ ಕೈ ಊರಿ, ಹೆಗಲು ಎತ್ತಿ, ಬಾಯಿ ತೆರೆದು ಕೂಡುತ್ತಿದ್ದ. ಉಸಿರು ತಾಳಕ್ಕೆ ಬಂದ ಮೇಲೆ ಒಂದು ಸಲ ಜೋರಾಗಿ ಎಳೆದುಕೊಂಡು, ರಿಸೀವರ್ ಎತ್ತಿ, ‘ಆರಾಮ ಅದೀವಿ, ನೀವು?’ ಅನ್ನುತ್ತಿದ್ದ. ನೀನು ಆ ಕಡೆಯಿಂದ ಕೇಳಿದ್ದು ಬರೇ ಆ ಮಾತು. ಅದರ ಹಿಂದಿನದನ್ನು ಗಾಜಿನ ಹೊರಗೆ ನಿಂತು ನಾನು ನೋಡುತ್ತಿದ್ದೆ. ನೀನು ಅಜ್ಜಿಯ ಜೊತೆ ಪುಣೆಗೆ ಬಂದಿಳಿಯುವ ಹೊತ್ತಿಗೆ ಅವನನ್ನು ಮಣ್ಣು ಮಾಡಿ ಆಗಿತ್ತು. ಅವತ್ತು ನೀನು ಅಳಲಿಲ್ಲ. ನನ್ನ ತೋಳು ಹಿಡಿದು ಅಲ್ಲಾಡಿಸಿ ಕೇಳಿದೆ.

‘ಯಾಕ ಹೇಳ್ಲಿಲ್ಲ? ನಾ ಹೊರಗಿನಾಕಿ ಏನು?’

ಈಗ ಅದೇ ಮಾತನ್ನು ನಾನು ನಿನ್ನನ್ನು ಕೇಳುತ್ತಿದ್ದೇನೆ.

ಮಧ್ಯದಲ್ಲಿ ಫೋನು ಮಾಡಿದೆ. ಎರಡು ಸಲ ಮಾವ ಎತ್ತಿ ನಿನಗೆ ಕೊಟ್ಟ. ಎರಡು ಸಲವೂ ನೀನು ಆರಾಮ ಅಂದೆ, ಅವ್ವಗ ಕಾಳಜಿ ಮಾಡಬ್ಯಾಡ ಅಂತ ಹೇಳು ಅಂದೆ. ಆ ಮಾತಿನ ಮೊದಲು ಒಂದು ತಡೆ ಇತ್ತು, ಒಂದು ಉಸಿರಿನಷ್ಟು. ಲೈನಿನದು ಅಂತ ಬೇರೆಯವರು ಅಂದುಕೊಳ್ಳಬಹುದು.

ಈಗ ಮೊನ್ನೆ ಗುರುವಾರದ್ದು. ಅಲ್ಲಿ ಏನಾಯಿತು ಅಂತ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಡಾಕ್ಟರರು ಮತ್ತೆ ಕೇಳಿದರು, ಸಣ್ಣವಳಿದ್ದಾಗ ಆ ಜ್ವರ? ನೀನು ಇಲ್ರಿ ಅಂದೆ. ನಾನು ‘ಹೋ ಮ್ಹಣತೇ’ ಅಂದೆ, ಹೌದು ಅನ್ನುತ್ತಾಳೆ ಅಂತ. ಮಲಗಿದರೆ ದಮ್ಮು ಹತ್ತುತ್ತದೆಯೇ? ನೀನು ಇಲ್ರಿ ಅಂದೆ. ನಾನು ಮತ್ತೆ ಹೌದು ಅಂದೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ ಅಂತ ಒಂದು ಮಾತು ಕೂಡಿಸಿದೆ. ಮೊದಲನೆಯದು ನನಗೆ ಗೊತ್ತಿದ್ದ ನಿಜ. ಎರಡನೆಯದು ನಾನು ಕಟ್ಟಿದ್ದು. ನೀನು ಹೇಗೆ ಮಲಗುತ್ತೀ ಅಂತ ನಾನೆಲ್ಲಿ ನೋಡಿದ್ದೇನೆ? ನಿಂತ ಆ ಚಿತ್ರವನ್ನು ನೋಡಿ ಊಹಿಸಿದೆ.

ನಿನ್ನ ಅತ್ತೆಗೆ, ಅಂಬಾರಾಯ ಮಾವನಿಗೆ ಮರಾಠಿ ತಿಳಿಯುವುದಿಲ್ಲ. ನಿನಗೆ ತಿಳಿಯುತ್ತದೆ. ಅಪ್ಪ ಹೋದ ಮೇಲೆ ಎರಡು ವರ್ಷ ನೀನು ನಮ್ಮ ಜೊತೆ ಇಲ್ಲೇ ಇದ್ದೆ. ನಾನು ‘ಹೋ’ ಅಂದ ಕೂಡಲೇ ನೀನು ಕತ್ತೆತ್ತಿ ಕ್ಯಾಮೆರಾವನ್ನು ನೋಡಿದೆ, ಅಲ್ಲಿಯ ತನಕ ನೆಲ ನೋಡುತ್ತಿದ್ದವಳು. ನಾ ಹಂಗ ಅಂದಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಈ ಪತ್ರ ಬರೆಯುವ ಧೈರ್ಯ ನನಗೆ ಅದರಿಂದ ಬಂದದ್ದು. ನೀನು ಸುಮ್ಮನಿದ್ದದ್ದು ಸಿಟ್ಟಿನಿಂದ ಅಂತಾದರೆ ನಾನು ಮುಳುಗಿದೆ.

ಡಾಕ್ಟರರು ಕುರ್ಚಿಯಲ್ಲಿ ಮುಂದೆ ಸರಿದರು. ನಿನ್ನ ಎದೆಯ ಪಟ್ಟಿಯನ್ನು ಮತ್ತೆ ತೆಗೆಸಿ ನೋಡಿದರು. ಅದರಲ್ಲಿ ಸಂಶಯ ಇದೆ, ಖಾತ್ರಿಯಾಗಬೇಕಾದರೆ ಎದೆಯೊಳಗನ್ನು ಪರದೆಯ ಮೇಲೆ ನೋಡುವ ಯಂತ್ರ ಬೇಕು, ಆಕೆ ತಡಮಾಡದೆ ಪುಣೆಗೆ ಬರಬೇಕು ಅಂದರು. ನಾನು ಇದನ್ನು ಮಾವನಿಗೆ ಸರಿಯಾಗಿಯೇ ದಾಟಿಸಿದೆ. ಅವನು ನಿನ್ನ ಕಡೆ ತಿರುಗಿ ಕೇಳಿದ. ನೀನು ಕಣ್ಣು ಕೆಳಗೆ ಹಾಕಿ, ಆರಾಮ ಅದೀನಿ, ಅವರು ಏನೇನೋ ಅಂತಾರ ಅಂದೆ. ಮಾವ ಕ್ಯಾಮೆರಾದ ಹತ್ತಿರ ಬಂದ. ಪರದೆಯ ತುಂಬ ಅವನ ಮುಖವೇ ಇತ್ತು.

‘ಅಕಿ ಆರಾಮ ಅಂತಾಳ, ನಿಮ್ಮ ಪೆಟಿಗಿ ಬ್ಯಾನಿ ಅಂತದ. ನಾ ಯಾರ ಮಾತ ಕೇಳ್ಲಿ, ನೀನ ಹೇಳು.’

ಅದು ಜಗಳದ ಮಾತಾಗಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವನು ಹೆಂಡತಿಯ ಮಾತನ್ನು ನಂಬುವ ಗಂಡಸು, ಅಂಥವನು ಸಿಕ್ಕದ್ದಕ್ಕೆ ಅವ್ವ ದೇವರಿಗೆ ಕಾಯಿ ಒಡೆಸಿದ್ದಳು. ಈಗ ಆ ನಂಬಿಕೆಯೇ ನಿನ್ನನ್ನು ಕೊಲ್ಲುತ್ತದೆ. ಹೋಗಲಿ, ಗುಲ್ಬರ್ಗಾಕ್ಕಾದರೂ ಕರೆದೊಯ್ಯಿರಿ ಅಂತ ಗೋದಾಬಾಯಿ ಅಂಗಲಾಚಿದರಂತೆ. ಅಲ್ಲಿಗೂ ಅದೇ ಉತ್ತರ.

ಅವತ್ತು ನಾನು ಊಟದ ಡಬ್ಬಿ ಬಿಚ್ಚಲಿಲ್ಲ. ಡಾಕ್ಟರರ ಕೋಣೆಗೆ ಹೋಗಿ ನಾನು ಮಾಡಿದ್ದನ್ನು ಹೇಳಿದೆ. ಮುಚ್ಚಿಟ್ಟುಕೊಂಡು ಅವರ ಎದುರು ಕೂಡಲು ನನ್ನಿಂದ ಆಗಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಮಾತಾಡಿದರು. ‘ಅಲ್ಲಿಯವರನ್ನು ನಾನು ಮುಟ್ಟಿ ನೋಡಲಾರೆ ಭಾಗ್ಯಾ. ನನ್ನ ಕೈ ನಿನ್ನ ನಾಲಿಗೆ. ಅದೇ ಸುಳ್ಳಾದರೆ ನಾನು ಯಾವುದನ್ನು ನಂಬಿ ಔಷಧ ಬರೆಯಲಿ?’ ಎರಡು ವರ್ಷದಲ್ಲಿ ನಾನು ದಾಟಿಸಿದ ರೋಗಿಗಳನ್ನೆಲ್ಲ ಈಗ ಅವರು ಮತ್ತೆ ಕೇಳಿ ನೋಡಬೇಕಾಗಿದೆ. ಟ್ರಸ್ಟಿನ ಮೇಲಿನವರಿಗೆ ಈ ಕೋಣೆ ಮೊದಲಿನಿಂದಲೂ ಬೇಡ. ಡಿಶ್ ಲೈನಿನ ಕರಾರು ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವುದು ಬೇಡ ಅನ್ನಲು ಅವರಿಗೆ ಈಗ ನನ್ನ ಹೆಸರು ಸಾಕು. ಇಂದೂ ಮೇಡಂ ನನ್ನ ಹೆಡ್‌ಫೋನ್ ತೆಗೆದು ತಮ್ಮ ಡ್ರಾಯರಿನಲ್ಲಿಟ್ಟರು. ನಿನಗಾಗಿ ಮಾಡಿದೆ ಅಂತ ನಾನು ಹೇಳಿಕೊಳ್ಳಬಹುದು. ಆದರೆ ಕರಿಬಂಡಿಯಲ್ಲಿ ಗುರುವಾರಕ್ಕಾಗಿ ಕಾಯುವ ಬೇರೆ ಹೆಂಗಸರೂ ಇದ್ದಾರೆ, ಅವರಲ್ಲಿ ಯಾರೂ ನನಗೆ ಅಕ್ಕ ಅಲ್ಲ.

ಕೊನೆಗೆ ಡಾಕ್ಟರರು ಇಷ್ಟು ಹೇಳಿದರು. ಹಾಸಿಗೆ ಹಿಡಿದಿಡುತ್ತಾರೆ, ಟ್ರಸ್ಟಿನಿಂದ ಎಲ್ಲ ನಡೆಯುತ್ತದೆ. ಯಾದಗಿರಿಯಿಂದ ರೈಲಿಗೆ ಗೋದಾಬಾಯಿಯೇ ಜೊತೆಗೆ ಬರುತ್ತಾರೆ. ಆದರೆ ಗುರುವಾರ ಮಾತು ನಿನ್ನ ಬಾಯಿಂದಲೇ ಬರಬೇಕು. ಗಂಡ ನಿನ್ನ ಮಾತನ್ನು ಬಿಟ್ಟು ಬೇರೆ ನಂಬುವುದಿಲ್ಲ, ಇನ್ನು ಮೇಲೆ ಡಾಕ್ಟರರೂ ಹಾಗೇ. ಮೈಕಿನಲ್ಲಿ ಇಂದೂ ಮೇಡಂ ಇರುತ್ತಾರೆ. ನಾನು ಹೊರಗೆ ವರಾಂಡಾದಲ್ಲಿರುತ್ತೇನೆ.

ಈಗ ಬರೆಯಲಾರೆ ಅಂದದ್ದನ್ನು ಬರೆಯುತ್ತೇನೆ. ಹೊಟ್ಟೆಯಲ್ಲಿ ಕೂಸು ಬೆಳೆದ ಹಾಗೆ ಮೈಯಲ್ಲಿ ರಕ್ತ ಹೆಚ್ಚುತ್ತದೆ. ಎದೆಯ ಬಾಗಿಲು ಸಣ್ಣದಾಗಿದ್ದರೆ ಆ ರಕ್ತ ಮುಂದೆ ಹೋಗದೆ ಪುಪ್ಪುಸಕ್ಕೆ ನುಗ್ಗುತ್ತದೆ. ನಿನಗೆ ಈಗ ಆರರಲ್ಲಿ ಬಿದ್ದಿದೆ. ಏಳು, ಎಂಟರಲ್ಲಿ ಇಂಥವರು ಒಂದು ಸಲ ಕೆಮ್ಮಲು ಶುರುಮಾಡಿದರೆ ಸುರಪುರ ತಲುಪುವುದೂ ಕಷ್ಟ. ಇಬ್ಬರೂ ಉಳಿಯುವುದಿಲ್ಲ. ಇದು ಅವರ ಮಾತು, ಒಂದು ಕೂಡಿಸಿಲ್ಲ, ಒಂದು ಬಿಟ್ಟಿಲ್ಲ. ಈಗ ಬಂದರೆ ಎದೆ ಕೊಯ್ಯುವುದಿಲ್ಲ. ತೊಡೆಯ ನರದಿಂದ ಸಣ್ಣ ಬಲೂನು ಕಳಿಸಿ ಆ ಬಾಗಿಲನ್ನು ಅಗಲ ಮಾಡುತ್ತಾರೆ. ಹೊಟ್ಟೆಯ ಕೂಸಿಗೆ ಸೀಸದ ಹೊದಿಕೆ ಹೊದಿಸುತ್ತಾರೆ. ಹಾಗೆ ಮಾಡಿಸಿಕೊಂಡು ಹೆತ್ತವಳೊಬ್ಬಳನ್ನು ನಾನು ನೋಡಿದ್ದೇನೆ, ಲಾತೂರಿನವಳು, ಡಿಸ್ಚಾರ್ಜಿನ ದಿನ ನರ್ಸಿನ ಜೊತೆ ಚಹಾದ ಸಲುವಾಗಿ ಜಗಳಾಡುತ್ತಿದ್ದಳು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ, ಅವರೂ ಹೇಳಲಿಲ್ಲ.

ನೀನು ಯಾಕೆ ಹೆದರುತ್ತೀ ಅಂತ ನನಗೆ ಗೊತ್ತು. ಎದೆಬ್ಯಾನಿಯವಳು ಅಂತ ಹೆಸರು ಬಿದ್ದರೆ ಅತ್ತೆ ನಿನ್ನನ್ನು ತವರಿಗೆ ಕಳಿಸಿ ಮಗನಿಗೆ ಬೇರೆ ನೋಡುತ್ತಾಳೆ ಅಂತ. ನೋಡಬಹುದು. ಇಲ್ಲ ಅಂತ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಹಾಗಾದರೆ ಇಲ್ಲಿಗೆ ಬಾ. ತಗಡಿನ ಮನೆ ಇದೆ, ಮಳೆ ಬಂದರೆ ಮಾತು ಕೇಳಿಸುವುದಿಲ್ಲ, ಆದರೆ ಮೂವರೂ ಕೂಡಿ ಇರಬಹುದು, ನಿನ್ನ ಮಗಳೂ ಸೇರಿ ನಾಲ್ವರು, ಹೊಟ್ಟೆಯದು ಸೇರಿ ಐವರು. ನೀನು ಸತ್ತರೂ ರಂಗೂಬಾಯಿ ಬೇರೆ ಸೊಸೆಯನ್ನು ತರುತ್ತಾಳೆ ಅಕ್ಕ. ಆಗ ನಿನ್ನ ಮಗಳಿಗೆ ತಲೆ ಬಾಚುವವರು ಯಾರು?

ಇದನ್ನು ಹೊಡೆದು ಹಾಕಬೇಕು ಅನಿಸಿತು. ಹಾಕಲಿಲ್ಲ.

ನಾನೇ ಬರಬೇಕು ಅಂತ ಮೊನ್ನೆ ಸ್ಟೇಷನ್ನಿನ ತನಕ ಹೋಗಿ ತಿರುಗಿ ಬಂದೆ. ನಾನು ಬಂದರೆ ನೀನು ಆರಾಮ ಇದ್ದೀ ಅಂತ ತೋರಿಸಲು ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ನನ್ನ ಎದುರಿಗೇ ನಡೆಯುತ್ತೀ. ನಿನ್ನನ್ನು ನಾನು ಬಲ್ಲೆ.

ಗುರುವಾರ ಹೀಗೆ ಮಾಡುತ್ತಾರೆ. ಗೋದಾಬಾಯಿ ಮೊದಲು ಕಿಟಕಿ ಮುಚ್ಚಿಸುತ್ತಾರೆ. ನಿನ್ನ ಅತ್ತೆಯನ್ನು, ಅಂಬಾರಾಯ ಮಾವನನ್ನು ಹೊರಗೆ ಕೂಡಿಸುತ್ತಾರೆ. ಎಕ್ಸ್‌ರೇ ಬೆಳಕು ಬಡೀತದ ಅಂತ ಹೇಳ್ತೀನಿ ಅಂದರು. ಸುಳ್ಳು ಬೇಡ, ಡಾಕ್ಟರರ ಅಪ್ಪಣೆ ಅಂತ ಹೇಳಿ ಅಂದೆ, ಅಪ್ಪಣೆ ನಿಜವಾಗಿ ಆಗಿದೆ. ಮೊದಲೇ ಹೀಗೆ ಮಾಡಬೇಕಿತ್ತು ಅಂತ ಡಾಕ್ಟರರೇ ಅಂದರು. ಇಷ್ಟು ವರ್ಷ ಯಂತ್ರ ಕೂಡಿಸಿದೆವು, ಒಂದು ಪರದೆ ಬಟ್ಟೆ ಕಟ್ಟಿಸಲಿಲ್ಲ ಅಂದರು. ನೀನು ಬೆಂಚಿನ ಮೇಲೆ ನಿನಗೆ ಹೇಗೆ ಸುಖವೋ ಹಾಗೆ ಕೂಡು. ಬೆನ್ನು ನೆಟ್ಟಗೆ ಮಾಡಬೇಡ. ಅವರು ಹೇಗಿದ್ದೀ ಅಂತ ಕೇಳುವುದಿಲ್ಲ, ಮಾತು ಕೊಟ್ಟಿದ್ದಾರೆ. ಹೇಗೆ ಮಲಗುತ್ತೀ ಅಂತ ಕೇಳುತ್ತಾರೆ. ಹೇಗೆ ಮಲಗುತ್ತೀಯೋ ಹಾಗೆ ಹೇಳು. ಆಮೇಲೆ ಮಾವನನ್ನು ಒಳಗೆ ಕರೆಸಿ ಅವನೆದುರಿಗೂ ಅದನ್ನೇ ಹೇಳು. ನೀನು ಹೇಳಿದರೆ ಅವನು ನಂಬುತ್ತಾನೆ.

ಪರದೆಯ ಮೇಲೆ ಕಾಣುವವರು ದೂರದವರಲ್ಲ ಅಕ್ಕ. ಅವರು ಓಡಿ ಬರಲಾರರು, ಆದರೆ ನಿನ್ನನ್ನು ಕರೆಸಿಕೊಳ್ಳಬಲ್ಲರು. ಅಪ್ಪನ ಫೋನಿಗೆ ಅದು ಆಗುತ್ತಿರಲಿಲ್ಲ.

ಇವತ್ತು ಇಲ್ಲಿ ಶಿವಜಯಂತಿ. ಓಣಿಯಲ್ಲಿ ಬೆಳಗಿನಿಂದ ಢೋಲು, ತಾಶಾ. ಕಿವಿ ಕೇಳಿಸದಷ್ಟು ಗದ್ದಲದಲ್ಲಿ ಕೂತು ಬರೆದಿದ್ದೇನೆ, ಅಕ್ಷರ ಅಲ್ಲಲ್ಲಿ ಓಡಿದೆ, ತಿದ್ದಿ ಓದಿಕೋ. ನಾನು ಬರೆದದ್ದರಲ್ಲಿ ಸಿಟ್ಟು ಬರುವಂಥದ್ದು ಇದ್ದರೆ ಬಂದು ನನ್ನ ತೋಳು ಹಿಡಿದು ಅಲ್ಲಾಡಿಸು. ಬರಲಿಕ್ಕಾದರೂ ಬಾ.

ನಿನ್ನ ತಂಗಿ,
ಭಾಗ್ಯಾ

ತಾ.ಕ.: ಪತ್ರ ಮಡಚುವ ಹೊತ್ತಿಗೆ ಅವ್ವ ಮೆರವಣಿಗೆ ನೋಡಿ ಬಂದಳು. ಕಾಗದ ನೋಡಿ, ಅನುಸೂಯಾಗ ಬರದಿ ಏನು, ಹೆಂಗ ಅದಾಳ ನನ್ನ ಮಗಳು ಅಂತ ಕೇಳಿದಳು. ಅವಳ ಕೈಯಲ್ಲಿ ಪ್ರಸಾದದ ಪೇಢಾ ಇತ್ತು. ಅವಳಿಗೆ ನಾನು ಏನೂ ಹೇಳಿಲ್ಲ, ಮೊನ್ನೆ ಗುರುವಾರದ್ದೂ ಇಲ್ಲ, ನನ್ನ ಕೆಲಸದ್ದೂ ಇಲ್ಲ. ನಾನು ಒಂದು ಸಲ ಉಸಿರು ಎಳೆದುಕೊಂಡು, ಅಕ್ಕ ಆರಾಮ ಅದಾಳ ಅಂದೆ. ಅದು ಬಾಯಿಂದ ಎಷ್ಟು ಸಲೀಸಾಗಿ ಬರುತ್ತದೆ ಅಂತ ನನಗೆ ಈಗ ಗೊತ್ತಾಯಿತು, ನಿನ್ನ ಮೇಲಿನ ಸಿಟ್ಟೂ ಹೋಯಿತು. ಗುರುವಾರ ನೀನು ನಿಜ ಹೇಳಿದರೆ ಅವ್ವನ ಮುಂದೆ ನಾನು ಸುಳ್ಳಿಯಾಗುತ್ತೇನೆ. ಆಗುತ್ತೇನೆ, ಹೇಳು.